ಬಡ್ಡಿ ನಿಲ್ಲಲಿಲ್ಲ, ಸಂಬಳ ನಿಂತಿತು

ಕೊರೊನಾ ಕಾರಣಕ್ಕೆ 2020ರ ಮಾರ್ಚ್ 22ರ ಮಧ್ಯರಾತ್ರಿ ಮುಂಬಯಿಯ ಲೋಕಲ್ ರೈಲು ನಿಂತಿತು. ಡೊಂಬಿವಲಿ, ಕಲ್ಯಾಣ್, ಠಾಣೆ, ನವಿಮುಂಬಯಿಗಳಿಂದ ಮುಂಬಯಿಗೆ ಹೋಗಿ ದುಡಿಯುವವರ ಸಂಬಳಕ್ಕೂ ಕುತ್ತು ಬಂತು. ಮಹಾರಾಷ್ಟ್ರದ ಹೋಟೆಲುಗಳಲ್ಲಿ ಮತ್ತೆ ಕೂತು ಉಣ್ಣಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧದಷ್ಟು ಗಿರಾಕಿಗಳಿಗೆ. ಅಷ್ಟರಲ್ಲಿ ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ದೋಸೆ ಹುಯ್ಯುತ್ತಿದ್ದವರು, ಗಲ್ಲಾದಲ್ಲಿ ಕೂರುತ್ತಿದ್ದವರು ಅನೇಕರು ಊರ ದಾರಿ ಹಿಡಿದಿದ್ದರು. ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಅವಕಾಶ ಕೊಟ್ಟಿತು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಪಿಎಫ್ ಹಣ ತೆಗೆಯಲೂ ದಾರಿಯಾಯಿತು, ನಿಜ. ಆದರೆ ನೇಮಕಪತ್ರವೇ ಇಲ್ಲದ ಮಾಣಿಗೆ ಪಿಎಫ್ ಎಲ್ಲಿಯದು? ನೆರವು ತೀರಾ ಬೇಕಿದ್ದವರಿಗೇ ತಲುಪಲಿಲ್ಲ. ಇನ್ನಾದರೂ ಮುಂಬಯಿಯ ಕನ್ನಡ ಸಂಘಗಳೂ ಹೋಟೆಲ್ ಮಾಲೀಕರೂ ಕೂಡಿ, ಪ್ರತಿ ಕೆಲಸಗಾರನ ಹೆಸರಿಗೂ ಪಿಎಫ್, ಇಎಸ್‌ಐ ಮಾಡಿಸಲಿ.