ನೀರು ಹೇಳುವ ಸಾಕ್ಷಿ

ತುಂಗಭದ್ರೆಯ ದಂಡೆಯ ದಢೇಸುಗೂರಿನ ಸುತ್ತಮುತ್ತ ನೆಲವೆಲ್ಲ ಬಹುಮಟ್ಟಿಗೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುವುದು ಅದರ ಸ್ವಭಾವ. ತಳಪಾಯ ಆಳವಿಲ್ಲದ ಮನೆಗಳಲ್ಲಿ ಗೋಡೆ ಬಿರಿದರೆ ಸುಣ್ಣ ಬಳಿದು ಮರೆಸುತ್ತೇವೆ. ಬಾಗಿಲು ಬಿಗಿಯಾದರೆ ಬಡಗಿಯಿಂದ ತುಸು ಹೆರೆಸುತ್ತೇವೆ. ಆದರೆ ಮಕ್ಕಳ ಸಂತೋಷಕ್ಕೆಂದು ಪಡಸಾಲೆಯಲ್ಲಿಟ್ಟ ಗಾಜಿನ ಮೀನುತೊಟ್ಟಿಯ ಮುಂದೆ ಈ ಮರೆಮಾಚಿಕೆ ನಡೆಯದು. ಇಟ್ಟ ದಿನ ಅಂಚಿಗೆ ಸಮನಾಗಿದ್ದ ನೀರು ಕೆಲವು ವರ್ಷಗಳಲ್ಲಿ ಒಂದು ತುದಿಯಲ್ಲಿ ಬೆರಳಗಲ ಏರಿ ನಿಂತಿರುತ್ತದೆ. ನೋಡಿದವರು ನೀರು ಓರೆಯಾಯಿತೆನ್ನುತ್ತಾರೆ. ಓರೆಯಾದುದು ನೀರಲ್ಲ, ನೆಲ.

ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ, ತುಂಬಿದ ತೊಟ್ಟಿಯನ್ನೇ ತುಸು ಎತ್ತಿ ತಗ್ಗಿದ ಮೂಲೆಗೆ ರಟ್ಟಿನ ಚೂರೊಂದನ್ನು ತುರುಕುವುದು. ಇದಕ್ಕಿಂತ ಅವಿವೇಕ ಬೇರಿಲ್ಲ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಸುಮಾರು 100 ಲೀಟರು ನೀರು ಹಿಡಿಯುತ್ತದೆ. ನೀರೊಂದರ ತೂಕವೇ 100 ಕಿಲೋ. ಗಾಜು ಅಲ್ಪ ಓರೆಯನ್ನು ತಾಳಿಕೊಂಡೀತು; ಒಂದು ಮೂಲೆಗೆ ಮಾತ್ರ ಆಸರೆ ಕೊಟ್ಟಾಗ ಉಂಟಾಗುವ ತಿರುಚನ್ನು ತಾಳದು. ಒಂದು ರಾತ್ರಿ ಬೆಸುಗೆಯ ಅಂಟು ಬಿಟ್ಟರೆ ದಂಡ ತೆರುವುದು ಮೀನುಗಳು.

ಸರಿಯಾದ ದಾರಿ ನಿಧಾನದ್ದು. ಮೀನುಗಳನ್ನು ಅದೇ ನೀರು ತುಂಬಿದ ಬಕೆಟ್ಟಿನಲ್ಲಿ ಬಿಡಬೇಕು. ಉಳಿದ ನೀರನ್ನೂ ಬಹುಮಟ್ಟಿಗೆ ಕಾದಿಡಬೇಕು. ಮರಳನ್ನು, ಸೋಸುವ ಸ್ಪಂಜನ್ನು ಒಣಗಗೊಡಬಾರದು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾದ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ನೆಲೆಸಿರುವುದು ಅವುಗಳಲ್ಲಿ. ಬರಿದಾದ ತೊಟ್ಟಿಯನ್ನು ಇಳಿಸಿ, ಪೀಠದ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟವಿಟ್ಟು ನೋಡಬೇಕು. ಬೆಣೆ ಕೊಡುವುದು ಪೀಠದ ಕಾಲಿಗೇ ಹೊರತು ಗಾಜಿನ ತಳಕ್ಕಲ್ಲ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯುವುದೇ ನಮ್ಮ ದೊಡ್ಡ ತಪ್ಪು. ನೆಲ ಒಂದೇ ಕಡೆ ಏಕೆ ಉಬ್ಬಿತು? ಎಷ್ಟೋ ಮನೆಗಳಲ್ಲಿ ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿರುತ್ತದೆ. ಅದನ್ನು ದೂರ ಹರಿಯಿಸದೆ ಕೊಟ್ಟ ಬೆಣೆ ಮುಂದಿನ ಮಳೆಗಾಲದವರೆಗಿನ ಸಮಾಧಾನ ಮಾತ್ರ.

ಇದನ್ನು ನಾವು ಕಲಿಯಬೇಕಾದುದು ಮನೆಯ ಹೊರಗಿನ ಗದ್ದೆಯಿಂದ. ತುಂಗಭದ್ರೆಯ ಕಾಲುವೆ ಬಂದಮೇಲೆ ಈ ಸೀಮೆ ಭತ್ತದ ನಾಡಾಯಿತು. ಗದ್ದೆ ಸಮವಿಲ್ಲದಿದ್ದರೆ ದಿಬ್ಬದಲ್ಲಿ ಕಳೆ ಬೆಳೆಯುವುದು, ತಗ್ಗಿನಲ್ಲಿ ಎಳೆಯ ಪೈರು ಮುಳುಗುವುದು. ಆದುದರಿಂದ ರೈತನು ಹೋದ ವರ್ಷ ಮಟ್ಟ ಮಾಡಿದೆನೆಂದು ಈ ವರ್ಷ ಸುಮ್ಮನಿರುವುದಿಲ್ಲ. ನೀರು ಕಟ್ಟಿ, ಅದು ನಿಂತ ಬಗೆಯನ್ನು ನೋಡಿ, ಮತ್ತೆ ತಿದ್ದುತ್ತಾನೆ. ಎರೆನೆಲದ ಮೇಲೆ ಬಾಳುವವರಿಗೆ ಮಟ್ಟವೆಂಬುದು ಒಮ್ಮೆ ಗಳಿಸಿಡುವ ಆಸ್ತಿಯಲ್ಲ, ವರ್ಷವರ್ಷವೂ ಮಾಡಬೇಕಾದ ಕೆಲಸ. ಮೀನುತೊಟ್ಟಿಯ ನೀರು ಆ ಕೆಲಸವನ್ನು ನೆನಪಿಸುತ್ತದೆ. ಸಾಕ್ಷಿ ನುಡಿದ ತಪ್ಪಿಗೆ ಅದರ ಬಾಯಿಗೆ ರಟ್ಟು ತುರುಕುವುದು ನ್ಯಾಯವಲ್ಲ.