ಉಗಿ ಅಲ್ಲ, ವಿಷ

“ಹೊಗಿ ಅಲ್ಲ ಮುತ್ಯಾ, ಬರೇ ಉಗಿ” ಅಂದ ಮೊಮ್ಮಗ. ಸಾಂಗಲಿಯ ಕಾಲೇಜಿನಿಂದ ಜತ್ತಕ್ಕ ಬಂದಾಗ ಅವನ ಕಿಸೆದಾಗ ಪೆನ್ನಿನಂಥ ವೇಪ್ ಸಿಕ್ಕಿತ್ತು. ಮಾವಿನಹಣ್ಣಿನ ವಾಸನಿ ಬ್ಯಾರೆ!

ಕಡಬು ಬೇಯಿಸೋ ಉಗಿ ಏನು ಅದು? ಬಹಳಷ್ಟು ವೇಪಿನಾಗ ನಿಕೋಟಿನ್ ಇರತದ. ನಾನು ಮೂವತ್ತು ವರ್ಷ ತಿಂದ ತಂಬಾಕಿನೊಳಗಿನ ವಿಷಾನೇ ಅದು. ರಕ್ತಕ್ಕ ಸೇರಿದ ಕೂಡಲೇ ಎದಿಬಡಿತ ಏರತದ, ರಕ್ತನಾಳ ಬಿಗೀತಾವ, ರಕ್ತದೊತ್ತಡ ಹೆಚ್ಚತದ. ಭಜನಿಯೊಳಗ ದಮ್ಮಡಿಯವ ತಾಳ ಬಿಟ್ಟು ಓಡಿದರ ಹಾಡು ಉಳೀತದೇನು? ಎಳೇ ಹೋರಿಗೆ ಹಗಲೆಲ್ಲ ಬಾರಕೋಲು ಬೀಸಿದರ ಅದು ಎಷ್ಟು ದಿನ ಎಳೆದೀತು? ಹುಡುಗರ ಎದಿ ಗತೀನೂ ಅದೇ.

2019ರಾಗ ದೇಶದ ತುಂಬ ಇದರ ಮಾರಾಟ ನಿಷೇಧ ಮಾಡಿ ಕಾಯದೆ ಬಂತು. ಮಾರಿದವ ಮೊದಲ ಸಲ ಸಿಕ್ಕರ 1 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಆದರೂ ಹುಡುಗರ ಕೈಗೆ ಬರತದ. ನಾವು ಸುಮ್ಮನ ಕುಂತೀವಿ.

ಯಾಕಂದರ ನಮ್ಮ ಬಾಯಿತುಂಬ ತಂಬಾಕ ಅದ! ಮೊಮ್ಮಗ ಅದನ್ನೇ ಕೇಳಿದ: “ನೀ ತಿನ್ನೂದಿಲ್ಲೇನು ಮುತ್ಯಾ?” ಅವತ್ತೇ ನನ್ನ ಚಂಚಿ ಒಲಿಗೆ ಹಾಕಿದೆ.

ಹಿರಿಯರೇ, ಗುರುಗಳೇ, ಮೊದಲು ನಮ್ಮ ಕಿಸೆ ಝಾಡಿಸೋಣ. ಆಮ್ಯಾಲೆ ಹುಡುಗರ ಕಿಸೆಕ್ಕ ಕೈ ಹಾಕೋಣ.