ಕಾರಿನೊಳಗಿನ ಕೋಡೊಲೆ

ಹಳೆಯ ಕಾಲದ ಅಡುಗೆಮನೆಗಳಲ್ಲಿ ಕೋಡೊಲೆ ಎಂಬುದೊಂದು ಇರುತ್ತಿತ್ತು. ಅನ್ನ ಬೇಯುವುದು ದೊಡ್ಡ ಒಲೆಯ ಮೇಲೆ. ಅಲ್ಲಿಂದ ತಪ್ಪಿಸಿಕೊಂಡ ಉರಿ ಪಕ್ಕದ ಕಿಂಡಿಯ ಮೂಲಕ ಕೋಡೊಲೆಗೆ ಬಂದು, ಅಲ್ಲಿಟ್ಟ ಸಾರನ್ನೋ ಹಾಲನ್ನೋ ಬಿಸಿಯಾಗಿಡುತ್ತಿತ್ತು. ಅದಕ್ಕೆಂದು ಬೇರೆ ಸೌದೆ ಇಡಬೇಕಾಗಿರಲಿಲ್ಲ. ವ್ಯರ್ಥವಾಗಿ ಹೋಗುವ ಶಾಖವೇ ಅದರ ಬಂಡವಾಳ.

ಪೆಟ್ರೋಲ್ ಕಾರಿನ ಹೀಟರ್ ಕೂಡ ಇಂಥದೇ ಒಂದು ಕೋಡೊಲೆ. ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಮತ್ತೊಂದು ಪಾಲು ಎಂಜಿನ್ನಿನ ಮೈಯನ್ನು ಕಾಯಿಸುತ್ತದೆ. ಈ ಶಾಖವನ್ನು ಕೂಲೆಂಟ್ ಎಂಬ ದ್ರವ ಹೊತ್ತು ತಂದು ಮುಂಭಾಗದ ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಅದೇ ಬಿಸಿ ದ್ರವದ ಒಂದು ಕವಲನ್ನು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದೆ ಹಾಯಿಸುತ್ತಾರೆ. ಅಲ್ಲಿ ದಪ್ಪ ಪುಸ್ತಕದಷ್ಟು ಗಾತ್ರದ ಪುಟ್ಟ ರೇಡಿಯೇಟರೊಂದು ಕುಳಿತಿದೆ. ಇದರ ಹೆಸರು ಹೀಟರ್ ಕೋರ್. ಅದರ ಸಣ್ಣ ನಳಿಗೆಗಳ ಸಂದಿನಿಂದ ಫ್ಯಾನು ಗಾಳಿ ಊದಿದರೆ ಒಳಗೆ ಕುಳಿತವರಿಗೆ ಬೆಚ್ಚಗಿನ ಗಾಳಿ ಬರುತ್ತದೆ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಾರು ಓಡಿಸುವವರಿಗೆ ಈ ಭಾಗ ಇದೆಯೆಂಬುದೇ ಮರೆತುಹೋಗಿರುತ್ತದೆ. ಆದರೆ ಅಮೆರಿಕದ ಮಿನ್ನೆಸೊಟಾ, ಮಿಷಿಗನ್‌ಗಳಂಥ ರಾಜ್ಯಗಳ ಮಾತೇ ಬೇರೆ. ಮಿನ್ನೆಸೊಟಾದಲ್ಲಿ ಜನವರಿಯ ಕೆಲವು ರಾತ್ರಿ ಉಷ್ಣತೆ ಸೊನ್ನೆಗಿಂತ 25-30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಅಲ್ಲಿ ಹೀಟರ್ ಕೆಟ್ಟರೆ ಬರೀ ಚಳಿಯಾಗುವುದಲ್ಲ. ಚಾಲಕನ ಉಸಿರಿನ ತೇವ ಮುಂದಿನ ಗಾಜಿನ ಮೇಲೆ ಮಂಜಾಗಿ ಕೂತು ರಸ್ತೆಯೇ ಕಾಣದಂತಾಗುತ್ತದೆ. ಮುಂದಿನ ಗಾಜಿನ ಮಂಜು-ಹಿಮ ಕರಗಿಸುವ ವ್ಯವಸ್ಥೆ ಹೊಸ ಕಾರುಗಳಲ್ಲಿ ಇರಲೇಬೇಕೆಂದು ಅಮೆರಿಕದ ಕೇಂದ್ರ ಸರ್ಕಾರ ನಿಯಮ ಮಾಡಿರುವುದು ಇದೇ ಕಾರಣಕ್ಕೆ.

ಹೀಟರಿಲ್ಲದ ದಿನಗಳಲ್ಲಿ ಅಲ್ಲಿನವರು ಕಂಬಳಿ ಹೊದ್ದು, ಕಾಯಿಸಿದ ಇಟ್ಟಿಗೆಗಳನ್ನು ಕಾಲಡಿಯಲ್ಲಿ ಇಟ್ಟುಕೊಂಡು ಪ್ರಯಾಣ ಮಾಡುತ್ತಿದ್ದರು. 1938ರಲ್ಲಿ ನ್ಯಾಷ್ ಎಂಬ ಅಮೆರಿಕದ ಕಂಪನಿ ಹೊರಗಿನ ಗಾಳಿಯನ್ನು ಸೋಸಿ, ಬಿಸಿ ಕೂಲೆಂಟಿನಿಂದ ಕಾಯಿಸಿ ಒಳಗೆ ಬಿಡುವ ವ್ಯವಸ್ಥೆಯನ್ನು ತನ್ನ ಕಾರುಗಳಲ್ಲಿ ಅಳವಡಿಸಿತು. ಇಂದಿನ ಕಾರುಗಳಲ್ಲಿರುವುದು ಹೆಚ್ಚುಕಡಿಮೆ ಅದರ ಸಂತತಿಯೇ.

ಈ ಪುಟ್ಟ ಕೋರ್ ಸೋರಿದಾಗ ಅದನ್ನು ಮನೆಯಲ್ಲೇ ಬದಲಾಯಿಸುವವರು ಅಮೆರಿಕದಲ್ಲಿ ಬಹಳ ಮಂದಿ. ಅಲ್ಲಿ ಮೆಕ್ಯಾನಿಕ್ಕಿನ ಕೂಲಿ ದುಬಾರಿ. ಬಿಡಿಭಾಗದ ಬೆಲೆ ಕಡಿಮೆ, ಅದರ ಹತ್ತಿರ ಹೋಗುವ ಕೂಲಿ ಹಲವು ಪಟ್ಟು. ಹೀಗಾಗಿ ಶನಿವಾರ ಬೆಳಿಗ್ಗೆ ಮನೆಯ ಗ್ಯಾರೇಜಿನಲ್ಲಿ ಅಪ್ಪ ಸ್ಪಾನರ್ ಹಿಡಿಯುತ್ತಾನೆ, ಮಗನೋ ಮಗಳೋ ಟಾರ್ಚ್ ಹಿಡಿದು ನಿಲ್ಲುತ್ತಾರೆ. ಓದಲೆಂದು ಅಲ್ಲಿಗೆ ಹೋಗಿ ಹಳೆಯ ಕಾರು ಕೊಂಡ ನಮ್ಮ ಕಡೆಯ ಹುಡುಗರಿಗೂ ಈ ಪಾಠ ಎದುರಾಗುವುದುಂಟು. ಶಾಲೆಯ ವಿಜ್ಞಾನ ಪುಸ್ತಕದ ನಾಲ್ಕೈದು ಅಧ್ಯಾಯಗಳು ಒಂದೇ ಕಡೆ ಸಿಗುವ ಕೆಲಸ ಇದು.

ಬಿಚ್ಚುವ ಮೊದಲು

ಹೀಟರ್ ಬಿಸಿ ಗಾಳಿ ಕೊಡದಿದ್ದರೆ ಕೋರ್ ಕೆಟ್ಟಿದೆ ಎಂದು ತೀರ್ಮಾನಿಸಿ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಎರಡು ದಿನ ಬೆವರು ಸುರಿಸಿ ಹೊಸ ಕೋರ್ ಕೂರಿಸಿದ ಮೇಲೂ ಗಾಳಿ ತಣ್ಣಗೇ ಬರುತ್ತಿದ್ದರೆ ತಲೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಸ್ಕ್ರೂಡ್ರೈವರ್.

ಎಂಜಿನ್ ಮತ್ತು ಪ್ರಯಾಣಿಕರ ಜಾಗದ ನಡುವೆ ತಗಡಿನ ಗೋಡೆಯೊಂದಿದೆ. ಎಂಜಿನ್ನಿನ ಕಡೆಯಿಂದ ಎರಡು ರಬ್ಬರ್ ಕೊಳವೆಗಳು ಆ ಗೋಡೆಯನ್ನು ತಲಪುತ್ತವೆ. ಒಂದು ಕೋರಿಗೆ ಹೋಗುವುದು, ಇನ್ನೊಂದು ಬರುವುದು. ಎಂಜಿನ್ ಚೆನ್ನಾಗಿ ಕಾದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನು, ಬೆಲ್ಟುಗಳಿಂದ ಕೈ ದೂರವಿಟ್ಟು, ಈ ಎರಡು ಕೊಳವೆಗಳನ್ನು ಬಟ್ಟೆ ಸುತ್ತಿದ ಬೆರಳಿನಿಂದ ಎಚ್ಚರಿಕೆಯಾಗಿ ಮುಟ್ಟಿ ನೋಡಬೇಕು. ಎರಡೂ ಬಿಸಿಯಾಗಿದ್ದರೆ ಕೋರಿನಲ್ಲಿ ದ್ರವ ಹರಿಯುತ್ತಿದೆ ಎಂದರ್ಥ. ದೋಷ ಇರುವುದು ಬಿಸಿ ಗಾಳಿ, ತಣ್ಣನೆ ಗಾಳಿಗಳನ್ನು ಬೆರೆಸುವ ಒಳಗಿನ ಬಾಗಿಲಿನಲ್ಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು, ಇಲ್ಲವೇ ಕೆಲವು ಕಾರುಗಳ ಕೊಳವೆಯಲ್ಲಿರುವ ವಾಲ್ವ್ ತೆರೆಯದಿರಬಹುದು. ಎರಡೂ ಉಗುರುಬೆಚ್ಚಗಿದ್ದರೆ ಕೂಲೆಂಟ್ ಕಡಿಮೆಯಾಗಿರಬೇಕು, ಇಲ್ಲವೇ ಥರ್ಮೋಸ್ಟಾಟ್ ತೆರೆದೇ ನಿಂತಿರಬೇಕು. ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಪುಟ್ಟ ಕವಾಟ. ಸುಮಾರು 80-90 ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಅದು ಮುಚ್ಚದೆ ಹೋದರೆ ಎಂಜಿನ್ ಕಾಯುವುದೇ ನಿಧಾನ.

ಕೋರ್ ಬರೀ ಕಟ್ಟಿಕೊಂಡಿದ್ದರೆ ಕೊಳವೆಗಳನ್ನು ಬಿಚ್ಚಿ, ತೋಟದ ಪೈಪಿನಿಂದ ನೀರನ್ನು ಮೆಲ್ಲಗೆ ಉಲ್ಟಾ ದಿಕ್ಕಿನಲ್ಲಿ ಹಾಯಿಸಿದರೆ ಎಷ್ಟೋ ಸಲ ಕೆಸರು ಹೊರಬಂದು ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬದಲಾಯಿಸಲೇಬೇಕಾದದ್ದು ಕೋರ್ ಸೋರಿದಾಗ. ಅದರ ಗುರುತುಗಳೇ ಬೇರೆ. ಕಾರಿನೊಳಗೆ ಸಿಹಿಸಿಹಿಯಾದ ವಾಸನೆ. ಗಾಜಿನ ಒಳಮೈ ಮೇಲೆ ಎಷ್ಟು ಒರೆಸಿದರೂ ಹೋಗದ ಜಿಡ್ಡು. ಚಾಲಕನ ಪಕ್ಕದ ಸೀಟಿನ ಮುಂದೆ ಕಾಲಡಿಯ ಕಾರ್ಪೆಟ್ ಒದ್ದೆ. ಹೊರಗೆ ಒಂದು ಹನಿಯೂ ಬೀಳದೆ ಕೂಲೆಂಟ್ ಕಡಿಮೆಯಾಗುತ್ತಿರುತ್ತದೆ. ಒದ್ದೆ ಕಾರ್ಪೆಟ್ ನೋಡಿ ಮೋಸಹೋಗುವವರೂ ಇದ್ದಾರೆ. ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಅದೇ ಜಾಗ ತೋಯುತ್ತದೆ. ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಎ.ಸಿ.ಯ ನೀರು ಬರೀ ನೀರು. ಕೂಲೆಂಟ್ ಹಸಿರೋ ಕಿತ್ತಳೆಯೋ ಬಣ್ಣ ಬಿಡುತ್ತದೆ, ಬೆರಳಿಗೆ ಜಾರುತ್ತದೆ.

ಸಿಹಿಯಾದ ವಿಷ

ಬಣ್ಣ ನೋಡಬಹುದು, ರುಚಿ ಮಾತ್ರ ನೋಡಲೇಬಾರದು. ಸಾಮಾನ್ಯವಾಗಿ ಕೂಲೆಂಟ್ ಎಂದರೆ ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಸಮಪಾಲಿನ ಮಿಶ್ರಣ. ಬರೀ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿ, ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಎಂಜಿನ್ನಿನ ಎರಕದ ಮೈಯನ್ನೇ ಸೀಳಿಬಿಡಬಲ್ಲದು. ಈ ಮಿಶ್ರಣ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ಗ್ಲೈಕಾಲ್ ಸಿಹಿ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳು ಬೆರಳದ್ದುತ್ತಾರೆ. ಹೊಟ್ಟೆಗೆ ಹೋದರೆ ಯಕೃತ್ತಿನಲ್ಲಿ ಅದು ಬೇರೆ ಬೇರೆ ಆಮ್ಲಗಳಾಗಿ ಮಾರ್ಪಟ್ಟು, ಕೊನೆಗೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಮೂತ್ರಪಿಂಡವನ್ನು ಹಾಳುಮಾಡುತ್ತವೆ. 2012ರಲ್ಲಿ ಅಮೆರಿಕದ ತಯಾರಕರು ಮಾರಾಟದ ಕೂಲೆಂಟಿಗೆ ಕಹಿ ಸೇರಿಸಲು ಒಪ್ಪಿಕೊಂಡದ್ದು ಇದಕ್ಕೇ. ಆದರೂ ಬಸಿದ ಕೂಲೆಂಟನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆಟುಕದ ಕಡೆ ಇಡಬೇಕು. ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದಂತೂ ಅಪಾಯ.

ಇನ್ನೊಂದು ಅಪಾಯ ರೇಡಿಯೇಟರಿನ ಮುಚ್ಚಳ. ಇದೂ ಪ್ರೆಷರ್ ಕುಕ್ಕರಿನ ಸಂಬಂಧಿಯೇ. ಒತ್ತಡ ಹೆಚ್ಚಿದಷ್ಟೂ ದ್ರವ ಕುದಿಯುವ ಉಷ್ಣತೆ ಮೇಲೇರುತ್ತದೆ. ಹಾಗಾಗಿ 100 ಡಿಗ್ರಿ ದಾಟಿದರೂ ಕೂಲೆಂಟ್ ಕುದಿಯದೆ ಸುಮ್ಮನಿರುತ್ತದೆ. ಆಗ ಮುಚ್ಚಳ ತೆಗೆದರೆ ಒತ್ತಡ ಇಳಿದು, ಒಂದೇ ಕ್ಷಣದಲ್ಲಿ ಉಕ್ಕಿ ಮುಖಕ್ಕೆ ಎರಚುತ್ತದೆ. ವಿಸಿಲ್ ಇಳಿಯದೆ ಕುಕ್ಕರ್ ತೆಗೆಯಬಾರದೆಂದು ಮನೆಯಲ್ಲಿ ಅಮ್ಮ ಹೇಳುವ ಮಾತೇ ಇಲ್ಲಿಗೂ ಸಲ್ಲುತ್ತದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಬೇಕು.

ಶನಿವಾರದ ಕೆಲಸ

ಕೆಲಸದ ಕಷ್ಟ ಕಾರಿನಿಂದ ಕಾರಿಗೆ ಬೇರೆ. 1980ರ ದಶಕದ ಫೋರ್ಡ್ ರೇಂಜರ್ ಪಿಕಪ್‌ನಂಥ ಗಾಡಿಗಳಲ್ಲಿ ಮುಂದಿನ ಸಾಮಾನಿನ ಖಾನೆ ತೆಗೆದರೆ ಕೋರ್ ಇರುವ ಪೆಟ್ಟಿಗೆ ಕೈಗೆ ಸಿಗುತ್ತದೆ. 1990ರ ದಶಕದ ಕೊನೆಯ ಜೀಪ್ ಚೆರೋಕಿಯಂಥ ಗಾಡಿಗಳಲ್ಲಿ ಇಡೀ ಡ್ಯಾಶ್‌ಬೋರ್ಡನ್ನೇ ಸರಿಸಬೇಕು. ಹೊಸಬರಿಗೆ ಶನಿವಾರ, ಭಾನುವಾರ ಎರಡೂ ಬೇಕು.

ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಸುಮ್ಮನಿರಬೇಕು. ಏರ್‌ಬ್ಯಾಗಿನ ಮಂಡಲದಲ್ಲಿ ವಿದ್ಯುತ್ ಸ್ವಲ್ಪ ಕಾಲ ಉಳಿದಿರುತ್ತದೆ. ಕೆಲಸದ ನಡುವೆ ಅದು ಸಿಡಿದರೆ ಕೈ ಮುಖ ಉಳಿಯುವುದು ಕಷ್ಟ. ಎ.ಸಿ.ಯ ಪೈಪುಗಳನ್ನೂ ಬಿಚ್ಚಬೇಕಾದ ಕಾರಾದರೆ ಅದರ ಅನಿಲವನ್ನು ಪರವಾನಗಿಯುಳ್ಳ ಗ್ಯಾರೇಜಿನಲ್ಲಿ ಮೊದಲೇ ತೆಗೆಸಬೇಕು. ಗೊತ್ತಿದ್ದೂ ಅದನ್ನು ಗಾಳಿಗೆ ಬಿಡುವುದು ಅಮೆರಿಕದಲ್ಲಿ ಅಪರಾಧ.

ಆಮೇಲೆ ಸ್ಕ್ರೂಗಳ ಸರದಿ. ಹತ್ತಾರು ಸ್ಕ್ರೂಗಳು, ನೋಡಲು ಒಂದೇ ತರಹ, ಉದ್ದ ಮಾತ್ರ ಬೇರೆ. ಗಿಡ್ಡನೆಯದರ ಜಾಗಕ್ಕೆ ಉದ್ದನೆಯದನ್ನು ಹಾಕಿದರೆ ಅದು ಹಿಂದಿನ ತಂತಿಯನ್ನು ಚುಚ್ಚಬಹುದು. ಅನುಭವಿಗಳು ಮೊಟ್ಟೆಯ ಟ್ರೇ ಇಟ್ಟುಕೊಂಡು, ಒಂದೊಂದು ಕುಳಿಗೆ ಒಂದೊಂದು ಹಂತದ ಸ್ಕ್ರೂ ಹಾಕಿ, ಪಕ್ಕದಲ್ಲಿ ಅಂಕಿ ಬರೆಯುತ್ತಾರೆ. ಬಿಚ್ಚಿದ ತಂತಿಯ ಎರಡೂ ತುದಿಗಳಿಗೆ ಒಂದೇ ಗುರುತಿನ ಚೀಟಿ ಅಂಟಿಸುತ್ತಾರೆ. ಹಿಂದೆ ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದರು, ಈಗ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಮಕ್ಕಳಿಗೆ ಟಾರ್ಚ್ ಹಿಡಿಯುವುದಕ್ಕಿಂತ ಈ ಲೆಕ್ಕ ಬರೆಯುವ ಕೆಲಸ ಒಪ್ಪಿಸುವುದು ಮೇಲು. ಮರುಜೋಡಣೆಯ ವೇಳೆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತಾಗುತ್ತದೆ.

ಹಳೆಯ ರಬ್ಬರ್ ಕೊಳವೆ ಕೋರಿನ ನಳಿಗೆಗೆ ಅಂಟಿಕೊಂಡಿರುತ್ತದೆ. ಜಗ್ಗಿದರೆ ತೆಳು ಲೋಹ ಬಾಗುತ್ತದೆ. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ ತೆಗೆಯುವುದೇ ಜಾಣತನ, ಕೊಳವೆ ಅಗ್ಗ.

ಹೊರಬಂದ ಹಳೆಯ ಕೋರನ್ನು ಎಸೆಯುವ ಮೊದಲು ಮಕ್ಕಳಿಗೆ ತೋರಿಸಬೇಕು. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರದಂಥ ಬೇರೆ ಬೇರೆ ಲೋಹಗಳು ಒಂದೇ ದ್ರವದಲ್ಲಿ ಮುಳುಗಿದರೆ ಆಗುವುದೇನು? ಪ್ರಯೋಗಾಲಯದ ವಿದ್ಯುತ್ಕೋಶವೇ ಇಲ್ಲೂ ತಯಾರಾಗಿ, ಒಂದು ಲೋಹ ಸವೆಯುತ್ತದೆ. ಅದನ್ನು ತಡೆಯುವ ರಾಸಾಯನಿಕಗಳನ್ನು ಕೂಲೆಂಟಿಗೆ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಅವು ಮುಗಿದುಹೋಗುತ್ತವೆ. ಕಾಲಕಾಲಕ್ಕೆ ಕೂಲೆಂಟ್ ಬದಲಾಯಿಸದ ಮಾಲೀಕನ ಉದಾಸೀನವೆಲ್ಲ ಆ ತುಕ್ಕಿನಲ್ಲಿ ಬರೆದಿರುತ್ತದೆ. ಕೊಳೆ ತೊಳೆಯದೆ ಹೊಸ ಕೋರ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಮುಚ್ಚುವ ಮೊದಲು

ಹೊಸದನ್ನು ಹಳೆಯದರ ಪಕ್ಕ ಇಟ್ಟು ಅಳತೆ ನೋಡಬೇಕು. ಸುತ್ತಲಿನ ಸ್ಪಂಜಿನ ಪಟ್ಟಿ ಮರೆಯಬಾರದು. ಅದಿಲ್ಲದಿದ್ದರೆ ಗಾಳಿ ಕೋರಿನ ಪಕ್ಕದಿಂದ ನುಸುಳಿ ತಣ್ಣಗೇ ಬರುತ್ತದೆ. ಡ್ಯಾಶ್‌ಬೋರ್ಡ್ ಜೋಡಿಸುವ ಮುನ್ನವೇ ಕೊಳವೆಗಳನ್ನು ಸಿಕ್ಕಿಸಿ, ಕೂಲೆಂಟ್ ತುಂಬಿ, ಒತ್ತಡದ ಕೈಪಂಪಿನಿಂದ ಪರೀಕ್ಷಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅರ್ಧ ಗಂಟೆಯ ಈ ತಾಳ್ಮೆ ಇನ್ನೊಂದು ಭಾನುವಾರವನ್ನು ಉಳಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ಹೊರಬಿಡಬೇಕು. ಆಗ ಎಷ್ಟೇ ಚಳಿಯಿದ್ದರೂ ಗ್ಯಾರೇಜಿನ ಬಾಗಿಲು ಮುಚ್ಚಿರಕೂಡದು. ಕಾರನ್ನು ಹೊರಗೆ ತಳ್ಳಿದರೆ ಇನ್ನೂ ಒಳ್ಳೆಯದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಜೀವ ತೆಗೆಯುತ್ತದೆ.

ಇಷ್ಟು ತಿಳಿದರೆ ನಮ್ಮ ಊರಿನವರಿಗೂ ಒಂದು ಲಾಭವಿದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಎಂಜಿನ್ನಿನ ಉಷ್ಣತೆಯ ಮುಳ್ಳು ಕೆಂಪಿನತ್ತ ಸರಿಯತೊಡಗಿದರೆ ಎ.ಸಿ. ನಿಲ್ಲಿಸಿ ಹೀಟರನ್ನು ಪೂರ್ತಿ ತಿರುಗಿಸಬಹುದು. ಕೋರ್ ಆಗ ಎರಡನೆಯ ರೇಡಿಯೇಟರಿನಂತೆ ದುಡಿಯುತ್ತದೆ. ಒಳಗಿದ್ದವರಿಗೆ ಬೆವರು, ಎಂಜಿನ್ನಿಗೆ ಉಸಿರು. ಸುರಕ್ಷಿತ ಜಾಗ ಸಿಕ್ಕಿ ಗಾಡಿ ನಿಲ್ಲಿಸುವವರೆಗೆ ಅಷ್ಟು ಸಾಕು.

ವಿದ್ಯುತ್ ಕಾರುಗಳಲ್ಲಿ ಈ ಕೋಡೊಲೆ ಇಲ್ಲ. ಮೋಟಾರು ಬಹಳ ಕಡಿಮೆ ಶಾಖವನ್ನು ವ್ಯರ್ಥ ಮಾಡುವುದರಿಂದ, ಬೆಚ್ಚಗಾಗಲು ಬ್ಯಾಟರಿಯನ್ನೇ ಖರ್ಚುಮಾಡಬೇಕು. ಚಳಿ ದೇಶಗಳಲ್ಲಿ ಚಳಿಗಾಲ ಬಂದರೆ ಅವು ಓಡುವ ದೂರ ಕಡಿಮೆಯಾಗಲು ಇದೂ ಒಂದು ಕಾರಣ.

ಭಾನುವಾರ ಸಂಜೆ ಗಾಜು ತಿಳಿಯಾಗಿ, ಬೆಚ್ಚಗಿನ ಗಾಳಿ ಬಂದರೆ ಕೆಲಸ ಮುಗಿಯಿತೆಂದು ಅಪ್ಪ ಕೈ ತೊಳೆಯಲು ಹೋಗುತ್ತಾನೆ. ಲೆಕ್ಕ ಬರೆದ ಮಗಳು ಮಾತ್ರ ಮೊಟ್ಟೆಯ ಟ್ರೇಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಒಂದು ಸ್ಕ್ರೂ ಉಳಿದಿದ್ದರೂ ಕೆಲಸ ಇನ್ನೂ ಮುಗಿದಿಲ್ಲ.